ಅಂಬಕ್ಕನ ಅರ್ಧ ಆಟ

ನನ್ನ ಅಕ್ಕ ಅಂಬುಜಾ ಒಂದು ಚದುರಂಗದ ಆಟವನ್ನು ಡ್ರಾ ಮಾಡಿಕೊಂಡಳು ಅಂತ ಅವಳ ಕೆಲಸ ಕಿತ್ತುಕೊಂಡರು. ಸೋತಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಎಂದಿನಂತೆ ಮರುದಿನ ಬೆಳಿಗ್ಗೆ ಹುಬ್ಬಳ್ಳಿ ನಿಲ್ದಾಣಕ್ಕೆ ಹೋಗಿ, ಇಂಜಿನ್ನಿನ ಬಾಗಿಲು ತೆಗೆದು, ತನ್ನ ಗಾಡಿ ಬಿಟ್ಟುಕೊಂಡು ಹೋಗುತ್ತಿದ್ದಳು. ಸೋಲದೆ ಇದ್ದದ್ದೇ ಅವಳ ತಪ್ಪು. ಇದನ್ನು ಯೋಚಿಸಿದಾಗಲೆಲ್ಲ ನನ್ನ ಮೈ ಉರಿಯುತ್ತದೆ, ಈಗ ಬರೆಯುವಾಗಲೂ ಉರಿಯುತ್ತಿದೆ.

ತುಲಾ ಯಂತ್ರ ಬಂದದ್ದು ಒಳ್ಳೆಯ ಮಾತು ಹೇಳಿಕೊಂಡೇ. ಮೈಮರೆತ ಚಾಲಕರು, ಮೈಮರೆತ ವೈದ್ಯರು ಜನರ ಪ್ರಾಣ ತೆಗೆಯುತ್ತಿದ್ದಾರೆ, ಗಮನ ಬೇಕಾದ ಕೆಲಸಕ್ಕೆ ಗಮನ ಇರುವವರನ್ನೇ ಇಡೋಣ ಅಂದರು. ಯಾರು ಬೇಡ ಅಂದಾರು? ರೈಲು, ಬಸ್ಸು ಓಡಿಸುವವರು, ಕತ್ತರಿ ಹಿಡಿಯುವ ವೈದ್ಯರು, ವಿದ್ಯುತ್ ಮನೆ ಕಾಯುವವರು, ಎಲ್ಲರೂ ತಿಂಗಳಿಗೊಮ್ಮೆ ಮಟ್ಟಕೇಂದ್ರಕ್ಕೆ ಬಂದು ತಲೆಗೆ ಪಟ್ಟಿ ಬಿಗಿದುಕೊಂಡು ಚದುರಂಗ ಆಡಬೇಕು. ಪಟ್ಟಿ ಮಿದುಳಿನ ಅಲೆಗಳನ್ನು ಹಿಡಿಯುತ್ತದೆ, ತುಲಾ ಹಲಗೆಯ ಮೇಲಿನ ನಡೆಗಳನ್ನು ಓದುತ್ತದೆ, ಎರಡನ್ನೂ ಕೂಡಿಸಿ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೆ ಮಟ್ಟ ಎಂದು ಹೆಸರು. ಇಂಥ ಮಟ್ಟ ಇದ್ದರೆ ರೈಲು ಓಡಿಸಬಹುದು, ಇಂಥದಿದ್ದರೆ ಶಸ್ತ್ರಚಿಕಿತ್ಸೆ ಮಾಡಬಹುದು. ಆಮೇಲೆ ಏನಾಯಿತು ಅಂತ ನಿಮಗೇ ಗೊತ್ತು. ಬಾಡಿಗೆಗೆ ಮನೆ ಕೇಳಲು ಹೋದರೆ ಮಟ್ಟ ಎಷ್ಟು ಅನ್ನತೊಡಗಿದರು. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿನ್ನುವ ಮೊದಲೇ ಅದನ್ನು ಕೇಳತೊಡಗಿದರು.

ಮೋಸ ತಡೆಯುವುದಕ್ಕೂ ತುಲಾಗೆ ಒಂದು ದಾರಿ ಹೇಳಿಕೊಟ್ಟಿದ್ದರು. ಇಬ್ಬರು ಎದುರುಬದುರು ಕೂತಾಗ, ಅವರ ಮಟ್ಟ ನೋಡಿ ಯಾರು ಗೆಲ್ಲಬೇಕು ಅಂತ ಅದು ಮೊದಲೇ ಲೆಕ್ಕ ಹಾಕಿರುತ್ತದೆ. ಫಲಿತಾಂಶ ಆ ಲೆಕ್ಕದಿಂದ ತೀರಾ ಆಚೆ ಹೋದರೆ ಕೆಂಪು ದೀಪ ಹತ್ತಿ, ಪರದೆಯ ಮೇಲೆ 'ಅಸಂಭವ' ಎಂಬ ಪದ ಬರುತ್ತದೆ. ಅಸಂಭವ ಅಂದರೆ ಮೋಸ ಅಂತಲೇ ಅರ್ಥ.

ನನ್ನ ಹೆಸರು ಜಯಶೀಲಾ ಬಡಿಗೇರ. ಹುಬ್ಬಳ್ಳಿಯ ಮಟ್ಟಕೇಂದ್ರದ ನಿಯಂತ್ರಣ ಕೋಣೆಯಲ್ಲಿ ನನ್ನ ಕೆಲಸ. ತುಲಾ ಕೊಟ್ಟ ತೀರ್ಪಿಗೆ ಮನುಷ್ಯರ ಒಪ್ಪಿಗೆ ಬೇಕು ಎಂದು ಕಾಯ್ದೆ ಇದೆ. ಅದಕ್ಕಾಗಿ ಮೇಜಿನ ಮೇಲೆ ಒಂದು ಹಸಿರು ಗುಂಡಿ ಇಟ್ಟಿದ್ದಾರೆ. ಪಾಳಿ ಮುಗಿಯಿತೆಂದು ಸಾರುವ ಭೋಂಗಾ ಕೂಗುವುದರೊಳಗೆ ಅದನ್ನು ಒತ್ತದಿದ್ದರೆ ತೀರ್ಪು ತಾನಾಗಿ ಬಿದ್ದುಹೋಗುತ್ತದೆ. ಒಪ್ಪುವುದಕ್ಕೆ ಗುಂಡಿ ಉಂಟು, ಒಪ್ಪುವುದಿಲ್ಲ ಅನ್ನುವುದಕ್ಕೆ ಗುಂಡಿ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನಮ್ಮ ನಿರ್ದೇಶಕರಾದ ಡಾ. ಸುಧನ್ವ ಹೊನ್ನಾಪುರ ಅವರನ್ನು ಕೇಳಿದ್ದೆ. ತುಲಾದ ಮುಕ್ಕಾಲು ಪಾಲು ಅವರ ತಲೆಯಿಂದಲೇ ಹುಟ್ಟಿದ್ದು. "ಅದರ ಅಗತ್ಯ ಬರುವುದಿಲ್ಲಮ್ಮ" ಎಂದು ನಕ್ಕು ಹೋಗಿದ್ದರು.

ಕೇಂದ್ರದ ವಾರ್ಷಿಕೋತ್ಸವದ ದಿನ ನಿರ್ದೇಶಕರು ಚೀಟಿ ಎತ್ತಿ, ಅದರಲ್ಲಿ ಹೆಸರು ಬಂದವರ ಜೊತೆ ಒಂದು ಆಟ ಆಡುವುದು ರೂಢಿ. ಚಿತ್ರ ತೆಗೆಯಲು ಪತ್ರಿಕೆಯವರು ಬರುತ್ತಾರೆ. ಈ ವರ್ಷ ಅಂಬಕ್ಕನ ಹೆಸರು ಬಂತು. ನಿರ್ದೇಶಕರ ಮಟ್ಟ ಎರಡು ಸಾವಿರದ ನಾಲ್ಕುನೂರರ ಮೇಲೆ, ಅಂಬಕ್ಕನದು ಸಾವಿರದ ಐನೂರರ ಆಚೀಚೆ. ಚದುರಂಗ ಗೊತ್ತಿಲ್ಲದವರಿಗೆ ಹೇಳುವುದಾದರೆ, ಪೈಲ್ವಾನನ ಮುಂದೆ ಪಕ್ಕದ ಮನೆಯವಳನ್ನು ನಿಲ್ಲಿಸಿದ ಹಾಗೆ.

ಅಕ್ಕ ಸಮವಸ್ತ್ರದಲ್ಲೇ ಬಂದು ಕೂತಳು. ಅವಳಿಗೆ ಒಂದು ಅಭ್ಯಾಸ. ರೈಲು ಓಡಿಸುವವರು ಸಿಗ್ನಲ್ ಕಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು, ಪಕ್ಕದಲ್ಲಿ ಕೂತ ಸಹಾಯಕ ಅದನ್ನೇ ತಿರುಗಿ ಹೇಳಬೇಕು. ಇವಳು 'ಹಸಿರು' ಅಂದರೆ ಅವನೂ 'ಹಸಿರು'. ಇಬ್ಬರ ಕಣ್ಣೂ ಹಳಿಯ ಮೇಲಿದೆ ಎಂಬುದಕ್ಕೆ ಅದೇ ಖಾತ್ರಿ. ಈ ಚಟ ಅವಳಿಗೆ ಎಷ್ಟು ಹತ್ತಿದೆ ಎಂದರೆ ಮನೆಯಲ್ಲಿ ಹಾಲು ಉಕ್ಕಿದರೂ "ಹಾಲು" ಅನ್ನುತ್ತಾಳೆ, ನಾನು "ಹಾಲು" ಅನ್ನುವ ತನಕ ಒಲೆ ಆರಿಸುವುದಿಲ್ಲ. ಹಲಗೆಯ ಮುಂದೆಯೂ ಅಷ್ಟೇ. ಕುದುರೆ ನಡೆಸಿದರೆ ಮೆಲ್ಲಗೆ "ಕುದುರಿ" ಅನ್ನುತ್ತಿದ್ದಳು. ನಿರ್ದೇಶಕರು ಮೊದಲು ಮುಗುಳ್ನಕ್ಕರು, ಆಮೇಲೆ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟರು.

ಅರ್ಧ ಗಂಟೆಯಲ್ಲಿ ಅಕ್ಕನ ಕಥೆ ಮುಗಿದಂತಿತ್ತು. ಕಾಲಾಳುಗಳೆಲ್ಲ ಹೋಗಿದ್ದವು. ರಾಜ ಮೂಲೆ ಸೇರಿದ್ದ. ಉಳಿದದ್ದು ಒಬ್ಬ ಮಂತ್ರಿ, ಒಂದು ಆನೆ. ಅಕ್ಕ ಮಂತ್ರಿಯನ್ನು ಎತ್ತಿ ಎದುರು ರಾಜನ ಮಗ್ಗುಲಿಗೇ ಇಟ್ಟು "ಮಂತ್ರಿ, ಚೆಕ್" ಅಂದಳು. ಪುಕ್ಕಟೆ ಮಂತ್ರಿ. ಸುತ್ತ ನಿಂತವರು ನಕ್ಕರು. ನಿರ್ದೇಶಕರು ತೆಗೆದುಕೊಂಡರು. ಅಕ್ಕ ಆನೆಯನ್ನೂ ಹಾಗೆಯೇ ತಂದು ಇಟ್ಟು "ಆನಿ, ಚೆಕ್" ಅಂದಳು. ಅಷ್ಟರಲ್ಲಿ ಯಾರೋ ಚಿತ್ರಕ್ಕಾಗಿ 'ಸರ್, ಈ ಕಡೆ' ಅಂದರು. ನಿರ್ದೇಶಕರು ಆ ಕಡೆ ನೋಡುತ್ತಲೇ ಆನೆಯನ್ನೂ ಎತ್ತಿಕೊಂಡರು.

ಅಕ್ಕ ಕೈ ಕಟ್ಟಿ ಕೂತಳು. "ಬುರ್ಜಿ" ಅಂದಳು.

ಅವಳ ರಾಜನ ಮೇಲೆ ಯಾವ ಕಾಯಿಯ ಏಟೂ ಇರಲಿಲ್ಲ. ಆದರೆ ಅವನಿಗೆ ಕಾಲಿಡಲು ಒಂದು ಮನೆಯೂ ಇರಲಿಲ್ಲ, ನಡೆಸಲು ಬೇರೆ ಕಾಯಿಯೂ ಇರಲಿಲ್ಲ. ಚದುರಂಗದ ನಿಯಮದಲ್ಲಿ ಅಂಥ ಆಟ ಡ್ರಾ. ನಾನು ಗಾಜಿನ ಹಿಂದೆ ಕೂತು ನೋಡುತ್ತಿದ್ದೆ, ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಆಗಲೇ ನನ್ನ ಮೇಜಿನ ಮೇಲೆ ಕೆಂಪು ದೀಪ ಹತ್ತಿತು.

'ಅಸಂಭವ. ದುರ್ಬಲ ಪಕ್ಷಕ್ಕೆ ಹೊರಗಿನ ನೆರವು ಸಿಕ್ಕಿರಬೇಕು. ಚಾಲನೆಯ ಪರವಾನಗಿ ತಡೆಹಿಡಿಯಿರಿ.'

ರಕ್ತಸಂಬಂಧಿಯ ತೀರ್ಪಿಗೆ ನಾನು ಒಪ್ಪಿಗೆ ಕೊಡುವ ಹಾಗಿಲ್ಲ, ಅದು ಮೇಲಿನವರ ಕೆಲಸ. ನಿರ್ದೇಶಕರೇ ಒಳಗೆ ಬಂದರು. ತಾವೇ ಆಡಿದ ಆಟ, ತಾವೇ ಕೈಯಾರೆ ಎತ್ತಿಕೊಂಡ ಆನೆ. ಪರದೆಯನ್ನು ಓದಿದರು, ಗುಂಡಿ ಒತ್ತಿದರು, ಅಕ್ಕ ಏನು ಮಾಡಿದ್ದಾಳೆ ಅಂತ ಕೇಳಿದರೆ 'ತುಲಾ ಹೇಳಿದೆ' ಅಂದು ಹೋದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಆ ಮನುಷ್ಯ ನಿಜವಾಗಿಯೂ ಯಂತ್ರವನ್ನು ನಂಬಿದ್ದ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಮನೆಗೆ ಹೋದರೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಹೊರಗಿನ ಓಣಿಯವರೆಗೆ ಕೇಳುತ್ತಿತ್ತು.

"ನಾ ಏನ್ ಮಾಡೇನಿ ಅಂತ ಕೇಳಿದೇನು ಅವರನ್ನ?" ಅಂದಳು.

"ಕೇಳಿದೆ. ತುಲಾ ಹೇಳೇತಿ ಅಂದ್ರು."

"ತುಲಾ ಅಲ್ಲಿ ಕುಂತು ಆಡಿತ್ತೇನು? ಆಡಿದಾಂವ ಅವ. ಅವಂಗ ಕಣ್ಣಿಲ್ಲೇನು?"

ರೊಟ್ಟಿ ಹಂಚಿಗೆ ಹಾಕಿದಳು. ಇಪ್ಪತ್ತು ವರ್ಷ ರೈಲು ಓಡಿಸಿದವಳು. ಹಳಿಯ ಮೇಲೆ ಒಂದು ಎಮ್ಮೆಯನ್ನೂ ಸಾಯಿಸಿಲ್ಲ ಅಂತ ಅವಳಿಗೆ ಜಂಬ. ಸಂಜೆ ನೀರಿಗೆ ಬಂದ ಓಣಿಯವರು ಆಗಲೇ ಅವಳನ್ನು ಕಂಡು ಮಾತು ನಿಲ್ಲಿಸಿದ್ದರು. ಹಿಂದಿನ ದಿನದವರೆಗೂ ಮಕ್ಕಳಿಗೆ 'ನೋಡು, ಅಂಬಕ್ಕನ ಹಂಗ ಆಗು' ಅಂದವರೇ ಅವರೆಲ್ಲ.

"ಸೋತಿದ್ರ ಚಲೋ ಇತ್ತು ಅಕ್ಕ" ಅಂದುಬಿಟ್ಟೆ.

ಅವಳು ಹಂಚು ಬಿಟ್ಟು ನನ್ನ ಕಡೆ ತಿರುಗಿದಳು.

"ಅಪ್ಪ ಕಲಿಸಿದ್ದು ಸೋಲಾಕಲ್ಲ" ಅಂದಳು. "ಗೆಲ್ಲಾಕೂ ಅಲ್ಲ ಬಿಡು. ಸಾಯೂದಾದ್ರ ನೆಟ್ಟಗ ಸಾಯಾಕ."

ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿ. ಅಳಿದುಳಿದ ತೇಗದ ತುಂಡುಗಳಲ್ಲಿ ಅವನೇ ಕೆತ್ತಿದ ಕಾಯಿಗಳು ಇನ್ನೂ ನಮ್ಮ ಮನೆಯಲ್ಲಿವೆ. ಊಟದ ಬಿಡುವಿನಲ್ಲಿ ಅವರೆಲ್ಲ ಆಡುತ್ತಿದ್ದದ್ದು ಪುಸ್ತಕದ ಆಟವಲ್ಲ, ಹಳೆಯ ಆಟ. ಅದರಲ್ಲಿ ಸೋಲುವವನು ತನ್ನ ಕಾಯಿಗಳನ್ನೆಲ್ಲ ಎದುರಾಳಿಗೆ ತಿನ್ನಿಸಿ ರಾಜನನ್ನು ಒಂಟಿ ಮಾಡಿಕೊಂಡರೆ ಅದು ಬುರ್ಜಿ, ಇಬ್ಬರಿಗೂ ಅರ್ಧ ಅರ್ಧ ಆಟ. ಬರಿಗೈಯವನನ್ನು ಹೊಡೆದರೆ ಮರ್ಯಾದೆ ಇಲ್ಲ ಅಂತ ಅವರ ಲೆಕ್ಕ. ಹಾಗಾಗಿ ಅಲ್ಲಿ ಗೆಲ್ಲುವವನು ಎಚ್ಚರವಾಗಿರಬೇಕು, ಪುಕ್ಕಟೆ ಸಿಕ್ಕಿತು ಅಂತ ತಿನ್ನುವ ಹಾಗಿಲ್ಲ. ತಿಂದವನನ್ನು 'ಮನ್ಯಾಗ ಉಂಡು ಬಂದಿಲ್ಲೇನು' ಅಂತ ವಾರವಿಡೀ ಕಾಡುತ್ತಿದ್ದರಂತೆ. ಅಕ್ಕ ಎಂಟನೇ ವಯಸ್ಸಿನಿಂದ ಅಪ್ಪನಿಗೆ ಕಾಯಿ ತಿನ್ನಿಸಲು ಒದ್ದಾಡಿದವಳು. ಸೋಲುವ ಆಟದಲ್ಲಿ ಎಲ್ಲವನ್ನೂ ಕೊಟ್ಟು ಮೂಲೆ ಹಿಡಿಯುವುದು ಅವಳಿಗೆ ರೊಟ್ಟಿ ಬಡಿದಷ್ಟೇ ಸಲೀಸು. ಪುಸ್ತಕದ ನಿಯಮದಲ್ಲಿ ಬುರ್ಜಿ ನಡೆಯುವುದಿಲ್ಲ ಅಂತಲೂ ಅವಳಿಗೆ ಗೊತ್ತು. ಅದಕ್ಕೇ ರಾಜನಿಗೆ ಮನೆಯೇ ಇಲ್ಲದಂತೆ ನೋಡಿಕೊಂಡು ಕೊನೆಯ ಆನೆ ಕೊಟ್ಟಿದ್ದಳು. ತುಲಾಗೆ ಇದು ಎಲ್ಲಿಂದ ಗೊತ್ತಾಗಬೇಕು? ಅದಕ್ಕೆ ಉಣಿಸಿದ್ದು ದೊಡ್ಡವರ ಆಟಗಳನ್ನು. ವರ್ಕ್‌ಶಾಪಿನ ಊಟದ ಬಿಡುವಿನ ಆಟವನ್ನು ಯಾರೂ ಅದಕ್ಕೆ ತೋರಿಸಿರಲಿಲ್ಲ.

ಮರುದಿನ ನಿಯಂತ್ರಣ ಕೋಣೆಯಲ್ಲಿ ನನಗೆ ಒಂದು ಕಿಡಿಗೇಡಿ ಯೋಚನೆ ಬಂತು. ಅದೇ ಆಟವನ್ನು, ಒಂದು ನಡೆಯನ್ನೂ ಬದಲಿಸದೆ, ತುಲಾಗೆ ಇನ್ನೊಮ್ಮೆ ಕೊಟ್ಟೆ. ಹೆಸರುಗಳನ್ನು ಮಾತ್ರ ಅದಲುಬದಲು ಮಾಡಿದೆ. ಮೂಲೆಗೆ ಬಿದ್ದು ಮಂತ್ರಿ, ಆನೆ ಕೊಟ್ಟವರು ನಿರ್ದೇಶಕರು, ಎತ್ತಿಕೊಂಡವಳು ಅಂಬುಜಾ ಅಂತ ಮಾಡಿದೆ. ಈ ಸಲ ಹಸಿರು ದೀಪ ಹತ್ತಿತು.

'ಸಹಜ. ಪ್ರಬಲ ಪಕ್ಷದಿಂದ ಅಪೂರ್ವ ರಕ್ಷಣೆ. ದುರ್ಬಲ ಪಕ್ಷದಿಂದ ಅಜಾಗರೂಕತೆ.'

ನಾನು ಓಡಿಹೋಗಿ ನಿರ್ದೇಶಕರನ್ನು ಕರೆತಂದೆ. ಅವರು ಎರಡೂ ತೀರ್ಪುಗಳನ್ನು ನಿಧಾನವಾಗಿ ಓದಿದರು.

"ಸರಿಯಾಗಿಯೇ ಇದೆಯಲ್ಲ" ಅಂದರು.

"ಏನ್ ಸರಿ ಸರ್? ನಡೆ ಎಲ್ಲಾ ಅವೇ ಅದಾವು. ನೀವು ಮಾಡಿದ್ರ ಅಪೂರ್ವ, ನಮ್ಮಕ್ಕ ಮಾಡಿದ್ರ ಕಳ್ಳತನ?"

"ಜಯಶೀಲಾ, ನಡೆ ಮಾತ್ರ ನೋಡಿ ತೀರ್ಮಾನ ಮಾಡಲಾಗುವುದಿಲ್ಲ. ಯಾರ ನಡೆ ಎನ್ನುವುದೂ ಸಾಕ್ಷಿಯೇ. ಅದರ ಮೇಲೇ ತುಲಾ ನಿಂತಿರುವುದು. ನಿಮ್ಮ ಅಕ್ಕನಿಗೆ ಮರುಪಂದ್ಯದ ಅವಕಾಶ ಇದ್ದೇ ಇದೆಯಲ್ಲ."

"ಮರುಪಂದ್ಯದಾಗ ಸೋತ್ರ?"

"ಮೊದಲಿನ ಡ್ರಾ ಮೋಸ ಎಂದು ಖಚಿತವಾಗುತ್ತದೆ."

"ಮತ್ತ ಡ್ರಾ ಮಾಡಿದ್ರ?"

"ಎರಡು ಸಲ ಎಂದರೆ... ಇನ್ನೂ ಹೆಚ್ಚು ಅಸಂಭವ."

"ಹಂಗಾದ್ರ ಆಕಿ ಏನ್ ಮಾಡಬೇಕು ಅದನ್ನಾದ್ರೂ ಹೇಳ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. ಇಡೀ ರಾಜ್ಯಕ್ಕೆ ಮಟ್ಟ ಕಟ್ಟಿದ ತಲೆಗೆ ಈ ಪ್ರಶ್ನೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಅಂತ ಕಾಣುತ್ತದೆ. ಯಾಕೆ ಹೊಳೆಯಬೇಕು? ಅವರನ್ನು ಯಾರು ಆರೋಪಿಯ ಕುರ್ಚಿಯಲ್ಲಿ ಕೂರಿಸಿದ್ದರು?

ಮರುಪಂದ್ಯ ಬರಲು ಇಪ್ಪತ್ತು ದಿನ ಹಿಡಿಯಿತು. ಆ ದಿನ ಅಕ್ಕ ಮತ್ತೆ ಸಮವಸ್ತ್ರ ಹಾಕಿಕೊಂಡೇ ಬಂದಳು. ಹಾಕುವ ಹಾಗಿರಲಿಲ್ಲ, ಆದರೂ ಹಾಕಿದ್ದಳು. ಕೈಯಲ್ಲಿ ಅಪ್ಪನ ತೇಗದ ಕಾಯಿಗಳ ಗಂಟು. ಅವಳಿಗೂ ಎದುರು ಕೂತ ನಿರ್ದೇಶಕರಿಗೂ ತಲೆಪಟ್ಟಿ ಬಿಗಿದೆ. ನಾನು ಗಾಜಿನ ಹಿಂದೆ ಬಂದು ಕೂತೆ. ಅಕ್ಕ ಕೇಂದ್ರದ ಕಾಯಿಗಳನ್ನು ಪಕ್ಕಕ್ಕೆ ಸರಿಸಿ, ಗಂಟು ಬಿಚ್ಚಿ, ಆ ದಿನದ ಆಟದ ಕೊನೆಯನ್ನು ಹಲಗೆಯ ಮೇಲೆ ಜೋಡಿಸಿದಳು. ಮೂಲೆಯಲ್ಲಿ ಅವಳ ರಾಜ. ಎದುರು ರಾಜನ ಮಗ್ಗುಲಲ್ಲಿ ಅವಳ ಆನೆ.

"ಇದೇನು? ಹೊಸದಾಗಿ ಆಡಬೇಕು" ಅಂದರು ನಿರ್ದೇಶಕರು.

"ಆಡಾಕ ಬಂದಿಲ್ರಿ ನಾ. ಒಂದು ಮಾತು ಕೇಳಾಕ ಬಂದೀನಿ." ಅಕ್ಕನ ದನಿ ಏರಿರಲಿಲ್ಲ. "ಹಳಿ ಮ್ಯಾಲ ಏನಾರ ಆದ್ರ ನಮ್ಮನ್ನ ಮೊದಲ ಕೇಳೂದು ಒಂದ ಪ್ರಶ್ನೆ. ಆ ಹೊತ್ತಿನ್ಯಾಗ ನಿನ್ನ ಕಣ್ಣು ಎಲ್ಲಿತ್ತು? ಸುಳ್ಳು ಹೇಳಿದ್ರ ನೌಕರಿ ಹೋಕ್ಕೈತಿ. ಖರೇ ಹೇಳಿದ್ರ ಒಮ್ಮೊಮ್ಮೆ ಉಳೀತೈತಿ. ನಾ ಆನಿ ಇಟ್ಟು, ಆನಿ ಚೆಕ್ ಅಂತ ಬಾಯಿಬಿಟ್ಟು ಹೇಳಿದೆ. ನೀವು ತಿರುಗಿ ಹೇಳಲಿಲ್ಲ. ಆಗ ನಿಮ್ಮ ಕಣ್ಣು ಎಲ್ಲಿತ್ರಿ?"

ನಿರ್ದೇಶಕರು ಹಲಗೆ ನೋಡಿದರು. ಈ ಸಲ ನಿಜವಾಗಿ ನೋಡಿದರು. ಅಕ್ಕ ಕಾಯುತ್ತಿದ್ದಳು, ಕೆಂಪು ಸಿಗ್ನಲ್ಲಿನ ಮುಂದೆ ಕಾದು ಅವಳಿಗೆ ರೂಢಿ ಇದೆ. ನಾನಾಗಿದ್ದರೆ ಹಲಗೆಯನ್ನೇ ಎತ್ತಿ ಅವರ ಮುಖಕ್ಕೆ ಎಸೆಯುತ್ತಿದ್ದೆ.

"ಕ್ಯಾಮೆರಾ ಕಡೆ ಇತ್ತು" ಅಂದರು ಕೊನೆಗೆ. "ನಾನು ಹಲಗೆ ನೋಡಿರಲಿಲ್ಲ. ಮಂತ್ರಿ ತೆಗೆದುಕೊಂಡಾಗಲೂ ನೋಡಿರಲಿಲ್ಲ. ನೀವು ಸೋತಾಗಿದೆ ಅಂತ ತಿಳಿದಿದ್ದೆ. ಅದು ಮೋಸವಲ್ಲ. ನಿಮ್ಮ ಡ್ರಾ ಸರಿಯಾದ ಡ್ರಾ."

ನನ್ನ ಕಣ್ಣು ತುಂಬಿ ಬಂತು. ಸಾಕ್ಷಿ ಸಿಕ್ಕಿತು, ಇನ್ನು ಮುಗಿಯಿತು ಅಂದುಕೊಂಡೆ. ಪಟ್ಟಿ ಕಟ್ಟಿಕೊಂಡು ಆಡಿದ ಮಾತು ಹೇಳಿಕೆ ಎಂದು ದಾಖಲಾಗುತ್ತದೆ. ತುಲಾ ಆ ಹೇಳಿಕೆಯನ್ನು ತೂಗಿತು. ದೀಪ ಕೆಂಪಗೆ ಹತ್ತಿತು.

'ಅಸಂಭವ. ಈ ಮಟ್ಟದ ವ್ಯಕ್ತಿ ಹಲಗೆ ನೋಡದೆ ಆಡುವುದಿಲ್ಲ. ಹೇಳಿಕೆ ಸುಳ್ಳು. ದುರ್ಬಲ ಪಕ್ಷದೊಂದಿಗೆ ಒಳಸಂಚು. ಡಾ. ಸುಧನ್ವ ಹೊನ್ನಾಪುರ ಅವರ ಮಟ್ಟವನ್ನು ತಡೆಹಿಡಿಯಿರಿ.'

ನಾನು ಅದನ್ನು ಗಟ್ಟಿಯಾಗಿ ಓದಿದೆ. ನಿರ್ದೇಶಕರು ಪಟ್ಟಿ ಕಿತ್ತು ಒಳಗೆ ಬಂದರು, ಹಿಂದೆಯೇ ಅಕ್ಕ. ಪರದೆಯನ್ನು ಅವರು ಎರಡೆರಡು ಸಲ ಓದಿದರು. ತಮ್ಮ ಮಗುವಿನಿಂದಲೇ ಕಪಾಳಕ್ಕೆ ಹೊಡೆಸಿಕೊಂಡವರಂತೆ ನಿಂತರು.

"ನಾನು ನಿಜವನ್ನೇ ಹೇಳಿದೆ" ಅಂದರು.

"ನಮ್ಮಕ್ಕನೂ ಹಂಗ ಅಂದಿದ್ಲು ಸರ್."

ಮೇಲಿನವರು ಆರೋಪಿಯಾದರೆ ಒಪ್ಪಿಗೆಯ ಕೆಲಸ ಪಾಳಿಯಲ್ಲಿರುವವರದು. ತೀರ್ಪು ನಿರ್ದೇಶಕರ ಹೆಸರಿನದು, ಅಕ್ಕನದಲ್ಲ. ಅಂದರೆ ಒಪ್ಪಿಗೆ ನನ್ನದು. ಹಸಿರು ಗುಂಡಿ ನನ್ನ ಕೈಯಳತೆಯಲ್ಲೇ ಇತ್ತು. ಒತ್ತಬೇಕು ಅಂತ ನನಗೆ ಎಷ್ಟು ಆಸೆಯಾಯಿತು ಅಂದರೆ ಬೆರಳು ಅದರ ಅಂಚಿನವರೆಗೆ ಹೋಗಿತ್ತು. ನಾಳೆ ಬೆಳಿಗ್ಗೆ ಇವರ ಓಣಿಯವರೂ ಇವರನ್ನು ಕಂಡು ಮಾತು ನಿಲ್ಲಿಸಲಿ. ಇವರೂ ಮನೆಯಲ್ಲಿ ಕೂತು ನಾನೇನು ಮಾಡಿದೆ ಅಂತ ಗೋಡೆಗೆ ಕೇಳಲಿ.

"ಜಯಶೀಲಾ, ಯೋಚನೆ ಮಾಡಿ" ಅಂದರು ನಿರ್ದೇಶಕರು. "ಒತ್ತಿದರೆ ನನ್ನ ಹೇಳಿಕೆ ಸುಳ್ಳೆಂದು ಶಾಶ್ವತವಾಗಿ ನಿಲ್ಲುತ್ತದೆ. ನಿಮ್ಮ ಅಕ್ಕನ ಕಳಂಕವೂ ನಿಲ್ಲುತ್ತದೆ. ಈ ತೀರ್ಪು ಬಿದ್ದುಹೋದರೆ ಹೇಳಿಕೆ ಉಳಿಯುತ್ತದೆ, ನಿಮ್ಮ ಅಕ್ಕನ ಮೇಲಿನ ತೀರ್ಪೂ ಬೀಳುತ್ತದೆ."

"ಗೊತ್ತೈತಿ ಸರ್. ರದ್ದು ಮಾಡೂ ಗುಂಡಿ ಎಲ್ಲೈತಿ ತೋರಿಸ್ರಿ."

ಅವರು ಮೇಜಿನ ಮೇಲೆ ಕಣ್ಣಾಡಿಸಿದರು. ತಾವೇ ಮಾಡಿಸಿದ ಮೇಜು.

"ಇಲ್ಲ" ಅಂದರು.

"ಹಂಗಾದ್ರ ಕುಂದರ್ರಿ. ಭೋಂಗಾ ಆಗೂತನ ಕುಂದರ್ರಿ."

ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು, ಭೋಂಗಾ ಸಂಜೆಗೆ. ಗೋಡೆಯ ಬಳಿ, ತಪ್ಪಿತಸ್ಥರು ತೀರ್ಪಿಗಾಗಿ ಕಾಯುವ ಕಬ್ಬಿಣದ ಕುರ್ಚಿ ಇದೆ. ಬೆನ್ನು ಒರಗಿಸಲು ಬರದ ಕುರ್ಚಿ. ಅವರು ಅದರಲ್ಲೇ ಕೂತರು. ಗುಂಡಿ ಒತ್ತದಿದ್ದರೆ ನೆನಪಿಸಲು ಗಂಟೆಯೊಂದು ಆಗಾಗ ಮೊಳಗುತ್ತದೆ, ಹೊತ್ತು ಹೋದಂತೆ ಅದರ ಸದ್ದು ಏರುತ್ತದೆ. ಅದನ್ನು ಮಾಡಿಸಿದವರೂ ಅವರೇ. ಕೇಂದ್ರಗಳನ್ನೆಲ್ಲ ನಡೆಸುವ ಮಂಡಳಿಯಿಂದ ಫೋನು ಬಂತು, ಯಾಕೆ ಒತ್ತಿಲ್ಲ ಅಂತ. ಯೋಚನೆ ಮಾಡುತ್ತಿದ್ದೇನೆ ಅಂದೆ. ಯೋಚನೆ ಮಾಡಲು ಅದರಲ್ಲೇನಿದೆ ಅಂದರು. ಫೋನು ಇಟ್ಟೆ. ಮತ್ತೆ ಬಂತು. ಒತ್ತದಿದ್ದರೆ ನಿನ್ನ ಮಟ್ಟ ನೋಡಿಕೋ ಅಂದರು. ಆಗಲಿ, ನೋಡಿಕೊಳ್ಳುತ್ತೇನೆ ಅಂದೆ.

ಮಧ್ಯಾಹ್ನದ ಹೊತ್ತಿಗೆ ಗಂಟೆಯ ಸದ್ದಿಗೆ ತಲೆ ಸಿಡಿಯತೊಡಗಿತ್ತು. ಒಮ್ಮೆ ಒತ್ತಿದರೆ ನಿಲ್ಲುತ್ತದೆ ಎಂಬ ಯೋಚನೆ ಬಿಟ್ಟು ಬೇರೆ ಏನೂ ತಲೆಯಲ್ಲಿ ಉಳಿಯಲಿಲ್ಲ. ಸಿಟ್ಟಿನ ಜೊತೆ ಆ ಸದ್ದೂ ಸೇರಿ ಕೈ ತಾನಾಗಿಯೇ ಮೇಜಿನ ಕಡೆ ಸರಿಯುತ್ತಿತ್ತು. ಆಗ ಅಕ್ಕ ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು, ಇಂಜಿನ್ನಿನಲ್ಲಿ ಸಹಾಯಕ ಕೂರುವ ಜಾಗ.

"ಕೈ?" ಅಂದಳು.

ನಾನು ಗುಂಡಿಯನ್ನೇ ನೋಡುತ್ತಿದ್ದೆ.

"ಜಯೀ. ಕೈ ಎಲ್ಲೈತಿ?"

"ತೊಡಿ ಮ್ಯಾಲ" ಅಂದೆ, ಇಳಿಸಿಕೊಂಡು.

"ತೊಡಿ ಮ್ಯಾಲ" ಅಂದಳು ಅವಳೂ.

ಹಾಗೆಯೇ ಸಂಜೆಯವರೆಗೆ ನಡೆಯಿತು. ಗಂಟೆ ಮೊಳಗುವುದು, ಅವಳು ಕೇಳುವುದು, ನಾನು ಹೇಳುವುದು. ನಿರ್ದೇಶಕರು ಎರಡು ಸಲ ನೀರು ಕೇಳಿದರು, ಅಕ್ಕನೇ ಎದ್ದು ಕೊಟ್ಟಳು. ಮೂರನೆಯ ಸಲ ಅವರು ನೀರು ಕೇಳಲಿಲ್ಲ, "ಇನ್ನೆಷ್ಟು ಹೊತ್ತು?" ಅಂದರು. ಅಕ್ಕ ಅವರ ಕಡೆ ತಿರುಗಿದಳು.

"ನಾ ಇಪ್ಪತ್ತು ದಿನ ಕುಂತೀನ್ರಿ" ಅಂದಳು.

ಭೋಂಗಾ ಕೂಗಿತು. ಗಂಟೆ ನಿಂತಿತು. ಕೆಂಪು ದೀಪ ಆರಿತು. ಕಾಯ್ದೆಯ ಪ್ರಕಾರ ತೀರ್ಪು ಬಿದ್ದಿತ್ತು, ಅದರ ಹಿಂದೆ ಅಕ್ಕನ ತೀರ್ಪೂ ಬಿತ್ತು. ಪರದೆಯ ಮೇಲೆ ವಾರ್ಷಿಕೋತ್ಸವದ ದಿನದ ಆಟದ ಸಾಲು ಮತ್ತೆ ಮೂಡಿತು. ಅವರ ಹೆಸರು, ಅವಳ ಹೆಸರು, ನಡುವೆ 'ಡ್ರಾ'.

ನಿರ್ದೇಶಕರು ಎದ್ದು ಸೊಂಟ ಹಿಡಿದುಕೊಂಡು ನಿಂತರು. ಅಕ್ಕನಿಗೆ ಏನೋ ಹೇಳಲು ಬಾಯಿ ತೆರೆದರು. ಅವಳು ಬೆರಳಿನಿಂದ ಪರದೆ ತೋರಿಸಿದಳು.

"ಡ್ರಾ" ಅಂದು ಅವರ ಮುಖ ನೋಡುತ್ತ ನಿಂತಳು.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಪರದೆಯನ್ನು ನೋಡಿ ಅವರೂ "ಡ್ರಾ" ಅಂದರು. ಅಕ್ಕ ಅಪ್ಪನ ಕಾಯಿಗಳನ್ನು ಎಣಿಸಿ ಗಂಟು ಕಟ್ಟಿಕೊಂಡು, ಮರುದಿನದ ಗಾಡಿಯ ಹೊತ್ತು ವಿಚಾರಿಸಲು ನಿಲ್ದಾಣದ ಕಡೆ ಹೋದಳು.